ಹೊಟ್ಟೆ ತುಂಬಿದ ಪ್ಯಾಡು

ನಮ್ಮ ಮೊಮ್ಮಗಳು ಶ್ರಾವಣಿ ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕವೊಂದು ಒಂದು ವಾರದಿಂದ ಬೆಳಗಾವಿಯ ಅನಗೋಳದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಬಿದ್ದುಕೊಂಡಿದೆ. ಅವಳು ಅದನ್ನು ಓದಿ ಮುಗಿಸಿ ಮರೆತಿದ್ದಾಳೆ. ನಾನು ಓದಿ ಮುಗಿಸಿ, ಮತ್ತೊಮ್ಮೆ ಓದಿ, ಅದನ್ನು ವಾಪಸು ಕೊಡಲು ಬಿಡುತ್ತಿಲ್ಲ. ಐಸ್ ಹಾಕಿಯ ಮಹಾನ್ ಗೋಲ್‌ಕೀಪರುಗಳ ಬಗ್ಗೆ ಎಳೆಯರಿಗಾಗಿ ಬರೆದ ಪುಸ್ತಕ ಅದು. ನನಗೀಗ ಅರವತ್ತೆರಡು. ಎಳೆಯರ ಪುಸ್ತಕ ಓದಲು ಇದಕ್ಕಿಂತ ಒಳ್ಳೆಯ ವಯಸ್ಸಿಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಷರ ದಪ್ಪಗಿರುತ್ತವೆ, ಪುಟಕ್ಕೊಂದು ಚಿತ್ರ ಇರುತ್ತದೆ, ಕೊನೆಗೆ ಯಾರೂ ಪರೀಕ್ಷೆ ಮಾಡುವುದಿಲ್ಲ.

ಐಸಿನ ಬಗ್ಗೆ ನನಗಿರುವ ಜ್ಞಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕಂಡ ಐಸು ಎಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟು ಕಟ್ಟಿಗೆಯಿಂದ ಬಡಿದು ಗ್ಲಾಸಿಗೆ ಹಾಕುವ ಐಸು. ಅದರ ಮೇಲೆ ಹನ್ನೆರಡು ಮಂದಿ ಕೋಲು ಹಿಡಿದು ಜಾರುತ್ತಾ ಹೊಡೆದಾಡುತ್ತಾರೆ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಶ್ರಾವಣಿಗೆ ಅದೆಲ್ಲ ಮನೆಯ ಮಾತು. ಬೆಳಗಾವಿಯಲ್ಲಿ ಹಿಮ ಬೀಳದಿದ್ದರೇನಂತೆ, ಚಕ್ರಗಳಿವೆ. ನಮ್ಮ ಹುಡುಗರು ಚಕ್ರದ ಬೂಟು ಹಾಕಿಕೊಂಡು ಸಿಮೆಂಟಿನ ಅಂಗಳದ ಮೇಲೆ ಅದೇ ಆಟ ಆಡುತ್ತಾರೆ. ಶ್ರಾವಣಿ ಅವರ ತಂಡದ ಗೋಲ್‌ಕೀಪರು. ಮೊನ್ನೆ ಅವಳು ತನ್ನ ಪ್ಲಾಸ್ಟಿಕ್ ಪ್ಯಾಡುಗಳನ್ನು ಒರೆಸುತ್ತಾ ಕೇಳಿದಳು:

"ಅಜ್ಜಿ, ನೀನೂ ಗೋಲ್‌ಕೀಪರ್ ಇದ್ದಿ ಅಂತ ಅವ್ವ ಹೇಳಿದ್ಲು. ಖರೇನ?"

"ಖರೇನ."

"ನಿನ್ನ ಪ್ಯಾಡ್ ಯಾವ ಕಂಪನಿದು ಇದ್ದವು?"

ನನಗೆ ನಗು ತಡೆಯಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದ್ದು ಮಾತ್ರ ಅಲ್ಲ ಎಂದು ಆಮೇಲೆ ಗೊತ್ತಾಯಿತು. "ನಮ್ಮ ಆಯಿ ಕಂಪನಿದು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನನ್ನ ಅವ್ವನ ಅವ್ವ. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಕಂಪನಿ ತಯಾರಿಸಿದ್ದು ಒಂದೇ ಒಂದು ಜೊತೆ ಪ್ಯಾಡು.

ಪುಸ್ತಕದಲ್ಲಿರುವ ಗೋಲ್‌ಕೀಪರುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಹಾಗಾಗಿ ಅವರನ್ನು ನಾನು ಅವರವರ ಚಟಗಳಿಂದ ಗುರುತಿಸುತ್ತೇನೆ. ಒಬ್ಬನು ಪ್ರತಿ ಪಂದ್ಯಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದನಂತೆ. ಇನ್ನೊಬ್ಬನು ಗೋಲಿನ ಕಂಬಗಳ ಜೊತೆ ಮಾತಾಡುತ್ತಿದ್ದನಂತೆ. ಚೆಂಡು ಕಂಬಕ್ಕೆ ಬಡಿದು ಆಚೆ ಹೋದರೆ ಕಂಬಕ್ಕೆ ಉಪಕಾರ ಹೇಳುತ್ತಿದ್ದನಂತೆ. ಚೆಂಡು ಎಂದೆ, ಅದು ಚೆಂಡಲ್ಲ, ರಬ್ಬರಿನ ಬಿಲ್ಲೆ. ನಮ್ಮ ಬಚ್ಚಲಿನ ನೀರು ಬಿಡುವ ತೂತಿನ ಮುಚ್ಚಳದಷ್ಟಿದೆ. ಹಿಂದಿನ ಕಾಲದವರು ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಅದರ ಎದುರು ನಿಲ್ಲುತ್ತಿದ್ದರು, ಮೂಗು ಒಡೆಸಿಕೊಂಡು ಹೊಲಿಗೆ ಹಾಕಿಸಿಕೊಂಡು ಮತ್ತೆ ಬಂದು ನಿಲ್ಲುತ್ತಿದ್ದರು. ಬಿಡುವಿನಲ್ಲಿ ಕುಳಿತು ಉಣ್ಣೆಯ ಟೊಪ್ಪಿಗೆ ಹೆಣೆಯುತ್ತಿದ್ದ ಗೋಲ್‌ಕೀಪರೂ ಒಬ್ಬನಿದ್ದ. ಆ ಪುಟ ನನಗೆ ಬಹಳ ಇಷ್ಟ.

ಅವರೆಲ್ಲ ಹುಟ್ಟಿನಿಂದಲೇ ಗೋಲ್‌ಕೀಪರುಗಳು ಎಂಬ ಹಾಗೆ ಪುಸ್ತಕ ಹೇಳುತ್ತದೆ. ನಾನು ಮಾತ್ರ ಕೊನೆಗೆ ಉಳಿದದ್ದಕ್ಕೆ ಗೋಲ್‌ಕೀಪರಾದವಳು. ಖಾನಾಪುರದ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಹಾಕಿ ತಂಡ ಮಾಡಿದಾಗ ಹತ್ತು ಮಂದಿ ಓಡುವವರು ಸಿಕ್ಕರು. ಹನ್ನೊಂದನೆಯವಳಾಗಿ ನಾನು ಕೈ ಎತ್ತಿದೆ. ನಾನು ಆಗ ಗುಂಡಗಿದ್ದೆ; ಓಡಿದರೆ ಮೈದಾನದ ಅರ್ಧಕ್ಕೆ ಬರುವಷ್ಟರಲ್ಲಿ ಆಟ ಆ ಕಡೆಯಿಂದ ಈ ಕಡೆಗೆ ಬಂದಿರುತ್ತಿತ್ತು. ಪಿ.ಟಿ. ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಗೋಲ್‌ನಾಗ ನಿಂದ್ರವಾ, ಅರ್ಧಾ ಗೋಲ್ ಹಂಗ ಮುಚ್ಚತೈತಿ" ಎಂದರು. ನನ್ನ ಕ್ರೀಡಾಜೀವನ ಹೀಗೆ ಶುರುವಾಯಿತು.

ನಮ್ಮ ಮೈದಾನ ಕೆಂಪು ಜಂಬಿಟ್ಟಿಗೆ ಮಣ್ಣಿನದು. ಸಂಜೆ ಮನೆಗೆ ಹೋದರೆ ಮೊಣಕಾಲಿನ ತನಕ ಯಾರೋ ಹೆಂಚಿನ ಬಣ್ಣ ಬಳಿದಂತಿರುತ್ತಿತ್ತು. ಗೋಲಿನ ಕಂಬಗಳೆಂದರೆ ಎರಡು ಬಿದಿರು. ಎಡಗಂಬಕ್ಕೆ ಬಾಜು ಮನೆಯವರು ತಮ್ಮ ಆಡು ಕಟ್ಟುತ್ತಿದ್ದರು. ಆಟದ ಹೊತ್ತಿಗೆ ಬಿಚ್ಚಿಕೊಂಡು ಹೋಗಬೇಕೆಂದು ಒಪ್ಪಂದ, ಆದರೆ ಎರಡು ದಿನಕ್ಕೊಮ್ಮೆ ಅವರು ಮರೆಯುತ್ತಿದ್ದರು. ಹಾಗಾಗಿ ಆ ಪುಸ್ತಕದವನು ಕಂಬದ ಜೊತೆ ಮಾತಾಡುತ್ತಿದ್ದುದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ. ನಾನು ಆಡಿನ ಜೊತೆ ಮಾತಾಡುತ್ತಿದ್ದೆ. ಚೆಂಡು ಆ ಕಡೆ ಇರುವಾಗ ಗೋಲ್‌ಕೀಪರಿಗೆ ಮಾತಾಡಲು ಬೇರೆ ಯಾರಿರುತ್ತಾರೆ ಹೇಳಿ.

ಈಗ ಆಯಿಯ ವಿಷಯಕ್ಕೆ ಬರುತ್ತೇನೆ. ಆಯಿ ಹಲಸಿಯವಳು. ಅಲ್ಲಿಯ ಹಳೆಯ ಗುಡಿಯ ಕಟ್ಟೆಯ ಮೇಲೆ ಕುಳಿತು ಹುಡುಗಿಯಾಗಿದ್ದಾಗಲೇ ಕೌದಿ ಹೊಲಿಯಲು ಕಲಿತವಳು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಉದ್ದಕ್ಕೂ ಸಣ್ಣ ಹೊಲಿಗೆ ಹಾಕುತ್ತಾ ಹೋಗುವ ಕೌದಿ ನಿಮ್ಮ ಮನೆಯಲ್ಲೂ ಇರಬಹುದು. ಆಯಿಯ ಕೌದಿಯ ಅಂಚು ನೋಡಿದರೆ ಗುಡಿಯ ಕಲ್ಲಿನ ಪಟ್ಟಿಯ ಹಾಗೇ ಇರುತ್ತಿತ್ತು. ಓಣಿಯ ಹೆಂಗಸರು ಹಳೆಯ ಬಟ್ಟೆಯ ಗಂಟು ತಂದು ಸರದಿಯಲ್ಲಿ ಇಟ್ಟು ಹೋಗುತ್ತಿದ್ದರು.

ಅಜ್ಜ ಹೋದ ಮೇಲೆ ಅದೆಲ್ಲ ನಿಂತಿತು. ಆಯಿ ಸೂಜಿಗಳನ್ನು ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಒಂದೂವರೆ ವರ್ಷ ಹಾಗೇ ಕುಳಿತಳು. ಯಾರಾದರೂ ಗಂಟು ತಂದರೆ "ನನಗ ಕಣ್ಣ ಕಾಣಂಗಿಲ್ರೆವಾ" ಎನ್ನುತ್ತಿದ್ದಳು. ಅದೇ ಕಣ್ಣು ಅವ್ವ ಹಸನು ಮಾಡಿಟ್ಟ ಅಕ್ಕಿಯಲ್ಲಿ ಉಳಿದ ಹರಳನ್ನು ಮೂಲೆಯಲ್ಲಿ ಕುಳಿತೇ ತೋರಿಸುತ್ತಿತ್ತು. ಅವ್ವ ಒಮ್ಮೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಾ ನನಗೆ ಹೇಳಿದಳು: "ಸೂಜಿ ಹಿಡದಾಗಷ್ಟ ಆಕಿ ನಮ್ಮವ್ವ ಇರತಿದ್ಲು. ಈಗ ಮನ್ಯಾಗ ಯಾರೋ ಕುಂತಂಗ ಕುಂತಾಳ." ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಆಯಿ ನಮ್ಮನ್ನು ಬಿಟ್ಟು ನಿಧಾನಕ್ಕೆ ಎಲ್ಲೋ ಹೋಗುತ್ತಿದ್ದಾಳೆ ಎಂದು ನನಗೂ ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಬೆಳಗಾವಿಯಲ್ಲಿ ಪಂದ್ಯ ಬಂತು. ಶಾಲೆಯಲ್ಲಿ ಇದ್ದದ್ದು ಒಂದೇ ಜೊತೆ ಪ್ಯಾಡು, ಅದೂ ಹುಡುಗರದು. ಅವರಿಗೂ ಅದೇ ದಿನ ಬೇರೆ ಕಡೆ ಪಂದ್ಯ. ನಮ್ಮ ಕ್ಯಾಪ್ಟನ್ ಸುರೇಖಾ ಹೋಗಿ ಮಾಸ್ತರರ ಎದುರು ನಿಂತಳು. ಅವಳ ಮನೆಮಾತು ಮರಾಠಿ, ಜಗಳ ಮಾತ್ರ ಎರಡೂ ಭಾಷೆಯಲ್ಲಿ ಬರುತ್ತಿತ್ತು.

"ಸರ್, ನಮಗೂ ಪ್ಯಾಡ್ ಬೇಕ್ರಿ."

"ಎಲ್ಲಿಂದ ತರ್ಲೆವಾ? ಪ್ಯಾಡ್ ಇಲ್ಲಂದ್ರ ಗೋಲ್‌ನಾಗ ಯಾರನ್ನೂ ನಿಂದ್ರಸಂಗಿಲ್ಲ. ಕಾಲು ಮುರದ್ರ ನಿಮ್ಮ ಮನ್ಯಾಗ ನಾ ಏನ್ ಹೇಳ್ಲಿ? ಸೋಮವಾರದೊಳಗ ಪ್ಯಾಡ್ ತರ್ರಿ, ಇಲ್ಲಂದ್ರ ತಂಡದ ಹೆಸರ ಕಳಸಂಗಿಲ್ಲ."

ನಾನು ಮನೆಗೆ ಬಂದು ಅಳುತ್ತಾ ಕುಳಿತೆ. ಅವ್ವ ಕಾರಣ ಕೇಳಿದಳು, ಹೇಳಿದೆ. ಮೂಲೆಯಿಂದ ಆಯಿಯ ಧ್ವನಿ ಬಂತು.

"ಪ್ಯಾಡ್ ಅಂದ್ರ ಏನ?"

"ಕಾಲಿಗೆ ಕಟಗೊಳ್ಳೂದು ಆಯಿ. ಗಾದಿ ಇದ್ದಂಗ ಇರತೈತಿ. ಚೆಂಡ ಬಡದ್ರ ನೋವ ಆಗಬಾರದು."

ಆಯಿ ಗೋಡೆಯಿಂದ ಬೆನ್ನು ಎತ್ತಿದಳು. "ಎಲ್ಲಿ, ಕಾಲು ಚಾಚು" ಎಂದಳು.

ಹೆಬ್ಬೆರಳು ಕಿರುಬೆರಳು ಚಾಚಿ ನನ್ನ ಕಾಲನ್ನು ಗೇಣಿನಿಂದ ಅಳೆದಳು. ಮೊಣಕಾಲಿನ ಮೇಲೆ ನಾಲ್ಕು ಬೆರಳು ಹೆಚ್ಚು ಹಿಡಿದಳು. ಬುಟ್ಟಿ ಹೆಣೆಯುವವರ ಓಣಿಗೆ ನನ್ನನ್ನು ಓಡಿಸಿ ಬಿದಿರಿನ ಸೀಳು ತರಿಸಿದಳು. ಗೋಣಿತಟ್ಟು ಬಂತು, ಹಳೆಯ ಗಾದಿಯ ಹತ್ತಿ ಬಂತು. ಆಮೇಲೆ ತಾನೇ ಎದ್ದು ಹೋಗಿ ಅಜ್ಜನ ಧೋತರಗಳ ಗಂಟು ತಂದಳು. ಒಂದೂವರೆ ವರ್ಷದಿಂದ ಆ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಆಯಿ ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸಿದಳು, ಮೊದಲನೆಯ ಸಲಕ್ಕೇ.

ಮೂರು ದಿನದಲ್ಲಿ ಪ್ಯಾಡು ತಯಾರಾದವು. ಮೇಲೆ ಕೆಂಪು, ಹಸಿರು, ಅರಿಸಿನ ಬಣ್ಣದ ತುಂಡುಗಳು, ಸುತ್ತಲೂ ಹಲಸಿಯ ಅಂಚು, ಹಿಂದೆ ಎತ್ತಿನ ಹಳೆಯ ಕೊರಳಪಟ್ಟಿ ಕೊಯ್ದು ಮಾಡಿದ ಪಟ್ಟಿಗಳು. ಕಟ್ಟಿಕೊಂಡು ನಿಂತರೆ ನಾನು ಹಬ್ಬಕ್ಕೆ ಸಿಂಗರಿಸಿದ ಎತ್ತಿನ ಹಾಗೆ ಕಾಣುತ್ತಿದ್ದೆ. ಕಾಲು ಮಡಚಲು ಬರುತ್ತಿರಲಿಲ್ಲ, ಅದೊಂದು ಸಣ್ಣ ದೋಷ.

ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿ ಇದೆ. ಕಡೆಯ ಮೂಲೆಯನ್ನು ಹೊಲಿದು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಹೋಳಿಗೆಯನ್ನೋ ಚಪಾತಿಯನ್ನೋ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹೊದ್ದವರನ್ನು ಬೆಚ್ಚಗಿಡುವ ವಸ್ತು ತಾನು ಹಸಿದಿರಬಾರದು ಎಂದು ನಂಬಿಕೆ. ಒಣ ಚೂರು ಅದು, ಉಗುರಿನಷ್ಟು, ಒಳಗೇ ಪುಡಿಯಾಗಿ ಹೋಗುತ್ತದೆ. ಆದರೆ ಆಯಿ ಆ ದಿನ ಬಹಳ ಹುರುಪಿನಲ್ಲಿದ್ದಳು. ಪ್ಯಾಡು ಕೌದಿಯ ಹಾಗೆ ಸುಮ್ಮನೆ ಮಲಗುವುದಿಲ್ಲ, ಹೊಡೆತ ತಿನ್ನುತ್ತದೆ, ಅದಕ್ಕೆ ಹಸಿವೆ ಹೆಚ್ಚು ಎಂದು ಲೆಕ್ಕ ಹಾಕಿದಳು. ಒಂದೊಂದರ ಹೊಟ್ಟೆಯಲ್ಲೂ ತುಪ್ಪ ಸವರಿದ ಅರ್ಧ ಅರ್ಧ ಬೇಳೆ ಹೋಳಿಗೆಯನ್ನು ಮಡಚಿ ಇಟ್ಟಳು. ಮೇಲೆ ಒಂದೊಂದು ಬೆಲ್ಲದ ಚೂರು.

"ಸಾಕಲ್ಲವಾ?" ಎಂದು ಪ್ಯಾಡನ್ನೇ ಕೇಳಿ ಮೂಲೆ ಹೊಲಿದಳು.

ಮಾಸ್ತರರು ಪ್ಯಾಡು ನೋಡಿ ಬೆರಳಿನಿಂದ ಬಡಿದು, "ಗಟ್ಟಿ ಅದಾವ" ಎಂದರು. ಹೆಸರು ಕಳಿಸಿದರು. ನಾವು ಮುಂಜಾನೆಯ ರೈಲುಗಾಡಿಗೆ ಬೆಳಗಾವಿಗೆ ಹೊರಟೆವು.

ಪಂದ್ಯದ ಮೊದಲ ಅರ್ಧದ ಬಗ್ಗೆ ಹೇಳಲು ನನಗೆ ಹೆಮ್ಮೆಯಿದೆ. ಎದುರಾಳಿಗಳು ಪೇಟೆಯ ಹುಡುಗಿಯರು, ಎಲ್ಲರಿಗೂ ಒಂದೇ ಥರದ ಬೂಟು. ಎಂಟು ಸಲ ಹೊಡೆದರು. ಎಂಟೂ ನನ್ನ ಕಾಲಿಗೆ ಬಡಿದು ವಾಪಸು ಹೋದವು. ನಾನು ತಡೆದೆ ಎನ್ನುವುದಕ್ಕಿಂತ, ನಾನು ನಿಂತಿದ್ದೆ, ಚೆಂಡುಗಳು ಬಂದು ಬಡಿದವು. ಆಯಿಯ ಪ್ಯಾಡು ಒಂದು ಹೊಡೆತಕ್ಕೂ ಜಗ್ಗಲಿಲ್ಲ. ನೋಡುತ್ತಿದ್ದವರು ಆ ಬಣ್ಣದ ಪ್ಯಾಡು ಕಂಡು ಮೊದಲು ನಕ್ಕಿದ್ದರು, ಆಮೇಲೆ ಚಪ್ಪಾಳೆ ತಟ್ಟಿದರು. ಅರ್ಧ ಸಮಯಕ್ಕೆ ಎರಡೂ ಕಡೆ ಸೊನ್ನೆ.

ಬಿಡುವಿನಲ್ಲಿ ಪ್ಯಾಡು ಬಿಚ್ಚಿ ಮೈದಾನದ ಅಂಚಿನ ಮಾವಿನ ಗಿಡಕ್ಕೆ ಆನಿಸಿ ಇಟ್ಟೆ. ನಿಂಬೆಹಣ್ಣಿನ ಹೋಳು ಚೀಪಿದೆ. ಆಡು ಇಲ್ಲದ ಕಾರಣ ಸುರೇಖಾಳ ಜೊತೆ ಮಾತಾಡಿದೆ. ಸೀಟಿ ಊದಿದ ಮೇಲೆ ಪ್ಯಾಡು ಕಟ್ಟಿಕೊಂಡು ಹೋಗಿ ಗೋಲಿನಲ್ಲಿ ನಿಂತೆ. ಆ ಹತ್ತು ನಿಮಿಷದಲ್ಲಿ ಗಿಡದ ಕೆಂಪಿರುವೆಗಳಿಗೆ ಹೋಳಿಗೆಯ ವಾಸನೆ ಹೋಗಿತ್ತು.

ಮೊದಲು ಎಡ ಮೊಣಕಾಲಿನ ಕೆಳಗೆ ಒಂದು ಚುರುಕು. ಆಮೇಲೆ ಬಲಗಾಲಿಗೆ ನಾಲ್ಕು. ಆಮೇಲೆ ಎಣಿಸಲು ಆಗಲಿಲ್ಲ. ನಾನು ಗೋಲಿನಲ್ಲಿ ಕುಣಿಯತೊಡಗಿದೆ. ಕಾಲು ಮಡಚಲು ಬರದ ಪ್ಯಾಡು ಕಟ್ಟಿಕೊಂಡು ಕುಣಿಯುವುದು ಹೇಗಿರುತ್ತದೆ ಎಂದು ನೀವೇ ಊಹಿಸಿಕೊಳ್ಳಿ. ಎದುರಿನ ತಂಡದ ಹುಡುಗಿಯೊಬ್ಬಳು ಚೆಂಡು ತಂದವಳು ನನ್ನ ಕುಣಿತ ನೋಡಿ ಗಾಬರಿಯಾಗಿ ಆಚೆ ಹೊಡೆದಳು. ಇದು ಖಾನಾಪುರದವರ ಹೊಸ ಪಟ್ಟು ಎಂದು ಯಾರೋ ಕೂಗಿದರು. ಪಂದ್ಯ ಮುಗಿಯಲು ಮೂರು ನಿಮಿಷವಿರುವಾಗ ನನ್ನಿಂದ ತಡೆಯಲಾಗಲಿಲ್ಲ. ಗೋಲಿನ ನಡುವೆ ಕುಳಿತುಬಿಟ್ಟೆ, ಎರಡೂ ಕೈಯಿಂದ ಪಟ್ಟಿ ಬಿಚ್ಚತೊಡಗಿದೆ.

ಚೆಂಡು ಆಗಲೇ ಬಂತು. ಜೋರಾಗಿಯೂ ಬರಲಿಲ್ಲ. ಯಾರದೋ ಕೋಲಿಗೆ ತಾಗಿ, ಉರುಳುತ್ತಾ ಉರುಳುತ್ತಾ, ನನ್ನ ಪಕ್ಕದಲ್ಲೇ ಒಂದು ಮೊಳ ದೂರದಲ್ಲಿ ಹಾದು ಹೋಯಿತು. ನಾನು ಅದನ್ನು ನೋಡಿದೆ. ಒಂದು ಕೈ ಚಾಚಿದ್ದರೆ ಸಾಕಿತ್ತು, ಆದರೆ ಆ ಕೈ ನನ್ನ ಕಾಲನ್ನು ಕೆರೆಯುತ್ತಿತ್ತು. ಒಂದು ಗೋಲಿನಿಂದ ಸೋತೆವು.

ಮಾವಿನ ಗಿಡದ ಕೆಳಗೆ ಎಲ್ಲರೂ ನನ್ನ ಸುತ್ತ ನಿಂತರು. ಸುರೇಖಾ ಸಿಟ್ಟಿನಿಂದ ತನ್ನ ಕೂದಲಿನ ಪಿನ್ನು ತೆಗೆದು ಎರಡೂ ಪ್ಯಾಡಿನ ಮೂಲೆ ಬಿಚ್ಚಿದಳು. ಒಳಗಿಂದ ಇರುವೆ ಮುತ್ತಿದ ಹೋಳಿಗೆ ಬಂತು.

"ಹೇ ಕಾಯ್? ಇದನ್ನ ಯಾರ ಇಟ್ಟಾರ?"

ನಾನು ಕೌದಿಯ ಪದ್ಧತಿ ಹೇಳಿದೆ. ಆಯಿ ಒಂದೂವರೆ ವರ್ಷದ ಮೇಲೆ ಸೂಜಿ ಹಿಡಿದಿದ್ದನ್ನು ಹೇಳಿದೆ. ಅಜ್ಜನ ಧೋತರ ಇದರೊಳಗಿದೆ ಎಂದೂ ಹೇಳಿದೆ. ಆಮೇಲೆ ಸುರೇಖಾ ಮೂಗು ಅರಳಿಸಿ, "ಹೋಳಿಗಿ ಮಾತ್ರ ಭಾಳ ಚಲೋ ಮಾಡ್ಯಾರ ನಿಮ್ಮ ಆಯಿ" ಎಂದಳು. ಹನ್ನೊಂದು ಮಂದಿಯೂ ನಕ್ಕೆವು. ನಗುತ್ತಾ ನಾನು ಅತ್ತುಬಿಟ್ಟೆ.

"ತನ್ನ ಪ್ಯಾಡಿನ ಸಲುವಾಗಿ ಸೋತ್ರು ಅಂತ ಗೊತ್ತಾದ್ರ ಆಯಿ ಮತ್ತ ಸೂಜಿ ಮುಟ್ಟಂಗಿಲ್ಲ" ಎಂದೆ. "ಮತ್ತ ಗ್ವಾಡಿಗೆ ಹತ್ತಿ ಕುಂದರತಾಳ."

"ಮತ್ತ ಹೇಳೂದ ಬ್ಯಾಡ" ಎಂದಳು ಸುರೇಖಾ.

ವಾಪಸು ಬರುವ ಗಾಡಿಯಲ್ಲಿ ಅವಳು ಎಲ್ಲರಿಗೂ ಪಾಠ ಹೇಳಿಕೊಟ್ಟಳು. ಸೋತದ್ದು ಸೋತದ್ದೇ. ಆದರೆ ಪ್ಯಾಡು ಬಹಳ ಚಲೋ ಇದ್ದವು, ಎಂಟು ಹೊಡೆತ ತಡೆದವು, ಗೋಲು ಆದದ್ದು ಸುರೇಖಾಳದೇ ತಪ್ಪಿನಿಂದ. ಅವಳೇ ಹಾಗೆ ಹೇಳಿಕೊಳ್ಳಲು ಒಪ್ಪಿದಳು, ಅದು ಅವಳ ದೊಡ್ಡತನ. ದೇಸೂರಿನಲ್ಲಿ ಗಾಡಿ ನಿಂತಾಗ ಹೂ ಮಾರುವ ಹೆಣ್ಣುಮಗಳೊಬ್ಬಳು ಹತ್ತಿದಳು. ಅವಳ ಹತ್ತಿರ ಸೂಜಿ ದಾರ ಕೇಳಿ ತೆಗೆದುಕೊಂಡು, ಇರುವೆ ಕೊಡವಿ, ಖಾಲಿಯಾದ ಮೂಲೆಗಳನ್ನು ಸುರೇಖಾ ಹೊಲಿದಳು. ಗಾಡಿ ಕುಲುಕುತ್ತಿತ್ತು. ಹೊಲಿಗೆಯೂ ಹಾಗೇ ಬಂತು.

ಖಾನಾಪುರದಲ್ಲಿ ಇಳಿದು ನಮ್ಮ ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹನ್ನೊಂದು ಮಂದಿಗೂ ನಮ್ಮ ಮನೆಯಲ್ಲಿ ಊಟ ಎಂದು ಅವ್ವ ಹೇಳಿ ಕಳಿಸಿದ್ದಳು. ಆಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಗೋಡೆಗೆ ಬೆನ್ನು ಹಚ್ಚಿರಲಿಲ್ಲ. ತೊಡೆಯ ಮೇಲೆ ಒಂದು ಹೊಸ ಕೌದಿ ಹರಡಿತ್ತು, ಅರ್ಧ ಮೊಳದಷ್ಟು ಹೊಲಿಗೆ ಆಗಿತ್ತು. ಬೆಳಿಗ್ಗೆ ನಾವು ಹೋದ ಮೇಲೆ ಬಾಜುಮನೆಯವರ ಗಂಟು ತರಿಸಿ ಶುರು ಮಾಡಿದ್ದಳು. ನಮ್ಮನ್ನು ಕಂಡು ಸೂಜಿಯನ್ನು ಬಟ್ಟೆಗೆ ಚುಚ್ಚಿ ತಲೆ ಎತ್ತಿದಳು.

"ಏನಾತವಾ?"

ಗಾಡಿಯಲ್ಲಿ ಕಲಿತ ಪಾಠವೆಲ್ಲ ನನ್ನ ತಲೆಯಿಂದ ಹೋಯಿತು. ಆ ಅರ್ಧ ಮೊಳ ಹೊಲಿಗೆಯನ್ನೇ ನೋಡುತ್ತಾ, "ಗೆದ್ದಿವಿ ಆಯಿ" ಎಂದೆ.

ಸುರೇಖಾ ನನ್ನ ಸೊಂಟಕ್ಕೆ ಚಿವುಟಿದಳು. ಆದರೆ ಅವಳು ಕ್ಯಾಪ್ಟನ್. ನನ್ನ ಬಾಯಿಂದ ಹೋದ ಚೆಂಡಿನ ಹಿಂದೆ ಅವಳೇ ಮೊದಲು ಓಡಿದಳು. "ಹೌದ್ರಿ ಆಯಿ, ಒಂದ ಗೋಲ್‌ಲೆ ಗೆದ್ದಿವ್ರಿ" ಎಂದಳು. ಊಟಕ್ಕೆ ಕುಳಿತ ಮೇಲೆ ಆ ಗೋಲು ಹೇಗಾಯಿತೆಂದು ಒಬ್ಬಳು ವರ್ಣಿಸಿದಳು, ಗೆದ್ದ ಕಪ್ ಹೆಡ್‌ಮಾಸ್ತರರ ಕಪಾಟಿನಲ್ಲಿದೆ ಎಂದು ಇನ್ನೊಬ್ಬಳು ಹೇಳಿದಳು, ಪ್ಯಾಡಿನ ಫೋಟೋ ಪೇಪರಿನಲ್ಲಿ ಬರಬಹುದು ಎಂದು ಮತ್ತೊಬ್ಬಳು ಸೇರಿಸಿದಳು. ಆಯಿ ಎಲ್ಲರ ತಟ್ಟೆಗೂ ಹೋಳಿಗೆ ಬಡಿಸುತ್ತಾ ಬಂದಳು. ಹೋಳಿಗೆ ಕಂಡು ಒಬ್ಬಿಬ್ಬರಿಗೆ ನಗು ಬಂದು ಕೆಮ್ಮಿದರು. ಆಯಿ ಅವರಿಗೆ ನೀರು ಕೊಟ್ಟಳು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಬಹಳ ಕೆಲಸ. ಮುಂದಿನ ಹದಿನೈದು ದಿನ ನಾವು ಹನ್ನೊಂದು ಮಂದಿ ಓಣಿಯಲ್ಲಿ ಪಹರೆ ಕಾದೆವು. ಆಯಿ ಸಿಕ್ಕವರಿಗೆಲ್ಲ ಗೆದ್ದ ಸುದ್ದಿ ಹೇಳುತ್ತಿದ್ದಳು, ನಾವು ಅವರ ಹಿಂದೆ ಹೋಗಿ ಅವರ ಕಿವಿಯಲ್ಲಿ ನಿಜ ಹೇಳಿ ಬಾಯಿ ಮುಚ್ಚಿಸುತ್ತಿದ್ದೆವು. ಹೀಗೆ ಅರ್ಧ ಖಾನಾಪುರ ನಮ್ಮ ಕಡೆಯಾಯಿತು. ದೊಡ್ಡ ಭಯವೆಂದರೆ ಮಾಸ್ತರರದು. ಸುಳ್ಳು ಹೇಳಿದವರನ್ನು ಮೈದಾನದ ಸುತ್ತ ಮೂರು ಸುತ್ತು ಓಡಿಸುವ ಮನುಷ್ಯ ಅವರು. ಒಂದು ಸಂಜೆ ಅವರು ನಮ್ಮ ಮನೆಯ ಮುಂದೆ ಹಾದು ಹೋಗುತ್ತಿದ್ದಾಗ ಆಯಿ ಕರೆದೇಬಿಟ್ಟಳು.

"ಬರ್ರಿ ಮಾಸ್ತರ, ಕುಂದರ್ರಿ. ಚಾ ಕುಡದ ಹೋಗ್ರಿ. ನಮ್ಮ ಹುಡುಗ್ಯಾರು ಗೆದ್ದರಂತಲ್ರಿ?"

ನಾನು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದೆ. ಮಾಸ್ತರರು ನನ್ನನ್ನು ನೋಡಿದರು. ಆಯಿಯ ತೊಡೆಯ ಮೇಲಿನ ಕೌದಿ ನೋಡಿದರು. ಬಸಿಯಲ್ಲಿ ಚಹಾ ಹಾಕಿಕೊಂಡು ಪೂರ್ತಿ ಕುಡಿದರು.

"ಹೌದ್ರಿ ಅವ್ವಾರ, ಗೆದ್ರು. ನಿಮ್ಮ ಪ್ಯಾಡ್ ಭಾಳ ಗಟ್ಟಿ ಇದ್ದವ್ರಿ."

ಮರುದಿನ ಬೆಳಿಗ್ಗೆ, ಶಾಲೆಗೆ ಇನ್ನೂ ಯಾರೂ ಬರದ ಹೊತ್ತಿನಲ್ಲಿ, ಮಾಸ್ತರರು ಒಬ್ಬರೇ ಮೈದಾನದ ಸುತ್ತ ಮೂರು ಸುತ್ತು ಓಡಿದ್ದನ್ನು ಸುರೇಖಾ ಕಣ್ಣಾರೆ ಕಂಡಳಂತೆ.

ಆಯಿಯ ಸೂಜಿ ಮತ್ತೆ ಡಬ್ಬಿಗೆ ಹೋಗಲಿಲ್ಲ. ಆ ವರ್ಷ ಅವಳು ಎಷ್ಟು ಕೌದಿ ಹೊಲಿದಳೋ ನೆನಪಿಲ್ಲ. ಓಣಿಯ ಗಂಟುಗಳೆಲ್ಲ ಮುಗಿದು ದೂರದ ಓಣಿಗಳಿಂದ ಗಂಟು ಬರತೊಡಗಿದವು. ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಸೇರಿ, ಮಾತು, ನಗು, ಒಬ್ಬರ ಸೊಸೆಯ ಸುದ್ದಿ ಇನ್ನೊಬ್ಬರಿಗೆ. ಅವ್ವನ ಮುಖ ಹಗುರಾಯಿತು. ನಾನಂತೂ ಆ ಸುಳ್ಳಿನ ಬಗ್ಗೆ ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ, ಹೆದರಿಕೆ ಮಾತ್ರ ಪ್ರತಿದಿನ ಇತ್ತು.

ವರ್ಷ ತಿರುಗಿ ಮತ್ತೆ ಪಂದ್ಯ ಬಂತು. ಆಯಿ ಪ್ಯಾಡು ತರಿಸಿಕೊಂಡು ಬಿಚ್ಚಿ, ಹತ್ತಿ ಬಡಿದು, ಹೊಸ ಪದರ ಹಾಕಿ ಹೊಲಿದಳು. ಕಡೆಯ ಮೂಲೆ ಉಳಿಯಿತು. ಈ ಸಲ ಎಷ್ಟು ಹೋಳಿಗೆ ಇಡುತ್ತಾಳೋ ಎಂದು ನಾನು ಎದುರಿಗೆ ಕುಳಿತು ಕಾಯುತ್ತಿದ್ದೆ. ಹೇಗೆ ತಪ್ಪಿಸುವುದೆಂದು ತಿಳಿಯುತ್ತಿರಲಿಲ್ಲ. ಆಯಿ ಸೆರಗಿನ ಗಂಟು ಬಿಚ್ಚಿದಳು. ಅದರೊಳಗಿಂದ ಒಂದು ಹಿಡಿ ಒಣಗಿದ ಬೇವಿನ ಎಲೆ ತೆಗೆದು ಪ್ಯಾಡಿನ ಒಳಗೆ ತುರುಕಿದಳು.

"ಹೋಳಿಗಿ ಇಡೂದಿಲ್ಲೇನ ಆಯಿ?" ಎಂದೆ.

"ಬ್ಯಾಡ. ಇರವಿಗೆ ಏನ್ ಗೊತ್ತಾಗತೈತಿ, ಪಂದ್ಯ ನಡದೈತಿ ಅಂತ."

ಆಯಿ ಹೊಲಿಗೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಮರದಿನ ಎಣ್ಣಿ ಹಚ್ಚಿ ನಿನಗ ಎರದಾಕಿ ನಾನ ಅಲ್ಲ? ಕಾಲ ತುಂಬ ಕೆಂಪ ದದ್ದು. ಮೂಲಿ ಹೊಲಿಗಿ ನೋಡಿದ್ರ ಅದೂ ನಂದಲ್ಲ. ಯಾವಾಕಿ ಹೊಲದಾಳೋ, ಆಕಿ ಗಂಡನ ಮನಿಗೆ ಹೋಗೂದ್ರಾಗ ನನ್ನ ಕಡೆ ಕಳಸ್ರಿ, ಕಲಸತೀನಿ."

"ಮತ್ತ ಗೊತ್ತಿದ್ದೂ ಊರ ತುಂಬ ಗೆದ್ರು ಗೆದ್ರು ಅಂತ ಹೇಳಿದ್ಯಲ್ಲ ಆಯಿ?"

ಆಯಿ ಆಗ ನನ್ನನ್ನು ನೋಡಿದಳು.

"ನನ್ನ ಸಲುವಾಗಿ ಹನ್ನೊಂದ ಹುಡುಗ್ಯಾರು ಹಸದ ಬಂದು ಕುಂತು ಒಂದ ಸುಳ್ಳ ಹೇಳಿದ್ರಿ. ಒಬ್ಬಾಕೀನೂ ತಪ್ಪಲಿಲ್ಲ. ಅಷ್ಟ ಕಷ್ಟಪಟ್ಟು ನೀವು ತಡದ ನಿಂತೀರಿ, ನಾ ಹೆಂಗ ಬಿಟ್ಟಕೊಡ್ಲಿ?"

ಹಲ್ಲಿನಿಂದ ದಾರ ಕಡಿದು ಪ್ಯಾಡನ್ನು ನನ್ನ ತೊಡೆಯ ಮೇಲಿಟ್ಟಳು. "ಈ ಸಲ ಉಪವಾಸ ಇರ್ಲಿ. ಆಡಿ ಬರ್ರಿ, ಆಮ್ಯಾಲೆ ಉಣ್ಣಸೂಣು" ಎಂದಳು.

ಆ ವರ್ಷವೂ ಸೋತೆವು. ಇರುವೆ ಇರಲಿಲ್ಲ, ನೆಪ ಇರಲಿಲ್ಲ, ಎರಡು ಗೋಲು ನನ್ನ ಕಣ್ಣೆದುರೇ ಹೋದವು. ಸಂಜೆ ಹನ್ನೊಂದು ಮಂದಿಯೂ ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತೆವು. ಆಯಿ "ಏನಾತವಾ?" ಎಂದಳು. ನಾನು "ಸೋತಿವಿ ಆಯಿ" ಎಂದೆ. ಆಯಿ ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ಹೋಳಿಗೆ ತಂದಳು. ಮೊದಲು ನನ್ನ ಕೈಯಿಂದ ಪ್ಯಾಡು ತೆಗೆದುಕೊಂಡು, ಎರಡರ ಮೂಲೆಯನ್ನೂ ಬಿಚ್ಚಿ, ಬೇವಿನ ಎಲೆ ಕೊಡವಿ, ಒಂದೊಂದು ಚೂರು ಹೋಳಿಗೆ ಒಳಗಿಟ್ಟಳು. "ಸೋತ್ರೂ ಹಸಿವಿ ಆಗತೈತಲ್ಲ" ಎಂದು ಹೇಳಿ, ಆಮೇಲೆ ನಮಗೆ ಬಡಿಸಿದಳು.